‘ಪಾಯಸದಲ್ಲಿ ಪಾಷಾಣ’ಕ್ಕೆ ಸಕುಟುಂಬ ಸ್ವಾಗತ

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಹುಣಸೂರಿನ ಹಳೇ ಸಂತೆಬೀದಿಯ ವಾಚನಾಲಯದ ಮುಂದೆ ಒಂದು ಲಗೇಜ್ ಆಟೋ ಬಂದು ನಿಂತಿತು. ಮೊದಲು ವರದರಾಜ ಇಳಿದ. ಅವನ ಹಿಂದೆ ಹಳೇ ಬೆಡ್‌ಶೀಟ್ ಹೊದ್ದ ಯಾವುದೋ ಒಂದನ್ನು ಡ್ರೈವರ್ ತಬ್ಬಿಕೊಂಡು ಇಳಿಸಿದ.

“ಅಕ್ಕಾ, ಕಣ್ಣು ಮುಚ್ಕೋ!”

“ಅರವತ್ತೆಂಟು ವರ್ಷ ಆಯ್ತು ಕಣೋ ನನಗೆ. ಊಟ ಆದ್ಮೇಲೆ ಕಣ್ಣು ತಾನಾಗೇ ಮುಚ್ಕೊಳ್ಳತ್ತೆ, ನೀನು ಹೇಳ್ಬೇಕಾಗಿಲ್ಲ,” ಎಂದರು ಕಾಮಾಕ್ಷಮ್ಮ.

ಕಾಮಾಕ್ಷಮ್ಮ ನಿವೃತ್ತ ಶಾಲಾ ಶಿಕ್ಷಕಿ. ಹದಿನೆಂಟು ವರ್ಷದಿಂದ ಸಂಬಳವಿಲ್ಲದೆ ಈ ವಾಚನಾಲಯದ ಹಳೇ ಪುಸ್ತಕಗಳ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು. ವರದರಾಜ ಅವರ ತಮ್ಮ. ಮೂವತ್ತು ವರ್ಷ ಮೈಕ್‌ಸೆಟ್ ಅಂಗಡಿ ಇಟ್ಟು ತಾಲ್ಲೂಕಿನ ಎಲ್ಲರ ಕಿವಿ ಹಾಳು ಮಾಡಿದ ಮೇಲೆ, ಈಗ ನಾಲ್ಕು ವರ್ಷದಿಂದ ಹೊಸ ಹೊಸ ಯಂತ್ರಗಳನ್ನು ಕಂಡುಹಿಡಿಯುತ್ತಿದ್ದ. ಅವನ ತೆಂಗಿನಕಾಯಿ ತುರಿಯುವ ಯಂತ್ರ ಕಾಯಿಯನ್ನು ಬಿಟ್ಟು ಅಡುಗೆಮನೆ ಗೋಡೆಯನ್ನು ತುರಿದಿತ್ತು. ಅದರ ಹಿಂದಿನದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ವರದರಾಜ ಬೆಡ್‌ಶೀಟನ್ನು ಎಳೆದ. ಒಳಗೆ ಹಾರ್ಮೋನಿಯಂ ಪೆಟ್ಟಿಗೆಯಷ್ಟು ದೊಡ್ಡ ಒಂದು ಡಬ್ಬ. ಅದರ ತಲೆಯ ಮೇಲೆ ಮೈಕ್‌ಸೆಟ್ಟಿನ ಹಳೇ ಹಾರ್ನು. ಎದುರಿಗೆ ದುಂಡಗೆ ಹೊಳೆಯುವ ಒಂದು ಗಾಜು. ಪಕ್ಕದಲ್ಲಿ ಕಾರಿನ ವೈಪರಿನಿಂದ ಮಾಡಿದ ಒಂದು ಕೈ, ಆ ಕೈಗೊಂದು ರಬ್ಬರಿನ ಬೆರಳು.

“ವಾಚಸ್ಪತಿ!” ಎಂದ ವರದರಾಜ, ತನ್ನ ಮಗುವಿಗೆ ಹೆಸರಿಡುವವನ ಹಾಗೆ. “ನಿನ್ನ ಕೋಣೇಲಿರೋ ಪುಸ್ತಕಾನೆಲ್ಲ ಇದು ಓದಿ ಹೇಳತ್ತೆ. ಸುಮ್ನೆ ಓದಲ್ಲ, ಬರೆದೋರ ದನೀಲೇ ಓದತ್ತೆ! ಬರವಣಿಗೆ ನೋಡಿ, ಬರೆದೋರ ಗಂಟಲು ಹೇಗಿತ್ತು ಅಂತ ಲೆಕ್ಕ ಹಾಕತ್ತೆ. ಉದ್ದ ಉದ್ದ ವಾಕ್ಯ ಬರೆದೋರಿಗೆ ಉಸಿರು ಜಾಸ್ತಿ. ತುಂಡು ತುಂಡು ಬರೆದೋರು ನಶ್ಯದ ಗಿರಾಕಿಗಳು.”

“ಇದಕ್ಕೆ ಕನ್ನಡ ಯಾರು ಕಲಿಸಿದ್ದು? ನೀನಾ?” ಕಾಮಾಕ್ಷಮ್ಮನವರ ಗಾಬರಿಗೆ ಕಾರಣವಿತ್ತು. ವರದರಾಜನ ಕನ್ನಡ ಪೇಪರುಗಳನ್ನು ತಿದ್ದಿದವರು ಅವರೇ.

“ಇದರ ಮಿದುಳು ಒಂದು ಲಗ್ನಪತ್ರಿಕೆ ಪ್ರೆಸ್ಸಿಂದು. ಪ್ರೆಸ್ಸು ಬಾಗಿಲು ಹಾಕ್ತು, ನಾನು ತಗೊಂಬಂದೆ. ಇಪ್ಪತ್ತು ವರ್ಷ ಕನ್ನಡ ಪತ್ರಿಕೆ ಬರೆದಿರೋ ಮಿದುಳು ಅಕ್ಕ, ಒಂದು ತಪ್ಪು ಮಾಡಲ್ಲ.”

ಪರೀಕ್ಷೆಗೆಂದು ಕಾಮಾಕ್ಷಮ್ಮ ಮೂಲೆ ಬೀರುವಿನಿಂದ ಒಂದು ತೆಳ್ಳನೆ ಪುಸ್ತಕ ತಂದರು. ತಿರುಮಕೂಡಲಿನ ಅಚ್ಚಮ್ಮ ಎಂಬಾಕೆ ನೂರು ವರ್ಷಕ್ಕೂ ಹಿಂದೆ ಬರೆದ ಕಾಶೀಯಾತ್ರೆಯ ದಿನಚರಿ. ಅಚ್ಚಮ್ಮ ಯಾರೆಂದು ಈಗ ಯಾರಿಗೂ ಗೊತ್ತಿಲ್ಲ. ಯಂತ್ರದ ಕೈ ಒದ್ದೆ ಸ್ಪಂಜಿಗೆ ಬೆರಳು ಮುಟ್ಟಿಸಿ, ಥೇಟ್ ಹಳೇ ಗುಮಾಸ್ತರ ಹಾಗೆ ಮೊದಲ ಪುಟ ತಿರುಗಿಸಿತು. ಹಾರ್ನಿನೊಳಗಿಂದ ಒಬ್ಬ ಮುದುಕಿ ಗಂಟಲು ಸರಿಮಾಡಿಕೊಂಡಳು.

“ಗುಂತಕಲ್ಲು ಬಂದಿತು. ನನ್ನ ಉಪ್ಪಿನಕಾಯಿಯ ಭರಣಿ ರೈಲಿನಲ್ಲಿ ಒಡೆಯಿತು. ಇನ್ನು ಕಾಶಿಯವರೆಗೆ ಮೊಸರನ್ನಕ್ಕೆ ಏನು ನೆಂಚಿಕೊಳ್ಳಲಿ? ವಿಶ್ವನಾಥನು ಇದನ್ನು ನೋಡುತ್ತಿದ್ದಾನೆಯೆ?”

ಕಾಮಾಕ್ಷಮ್ಮನವರಿಗೆ ಮೈ ಜುಮ್ಮೆಂದಿತು. ಈ ಪುಸ್ತಕಕ್ಕೆ ಅವರೇ ಎಷ್ಟೋ ಸಲ ಧೂಳು ಒರೆಸಿದ್ದರು. ಅದರೊಳಗೆ ಉಪ್ಪಿನಕಾಯಿಗಾಗಿ ಅಳುವ ಒಂದು ಜೀವ ಕೂತಿದೆ ಎಂದು ಅವರಿಗೇ ಹೊಳೆದಿರಲಿಲ್ಲ.

ಅಷ್ಟರಲ್ಲಿ ಆ ಓದನ್ನು ಕೇಳಿಸಿಕೊಂಡೇ ಒಳಗೆ ಬಂದವರು ವಾಚನಾಲಯದ ಸಮಿತಿ ಅಧ್ಯಕ್ಷ ಪುಟ್ಟಮಾದಪ್ಪ. ಕೆಟ್ಟ ಮನುಷ್ಯರಲ್ಲ. ಆದರೆ ಖಾಲಿ ಜಾಗ ಕಂಡರೆ ಅವರಿಂದ ಸಹಿಸಲಾಗುವುದಿಲ್ಲ.

“ನೋಡಿ ಕಾಮಾಕ್ಷಮ್ಮನೋರೆ, ಹೋದ ವರ್ಸ ಈ ಕೋಣೆಗೆ ಬಂದೋರು ನಾಕೇ ಜನ. ಅದ್ರಲ್ಲಿ ಇಬ್ರು ಮಳೆ ಬತ್ತು ಅಂತ ಬಂದೋರು. ಕೇರಂ ಬೋಲ್ಡು ಹಾಕ್ಸಿ ಅಂತ ಉಡುಗ್ರು ಪ್ರಾಣ ತಿಂತಾವ್ರೆ. ನಾನೇನ್ ಮಾಡ್ಲಿ ಹೇಳಿ?”

“ಇವೆಲ್ಲ ಇನ್ನೆಲ್ಲೂ ಸಿಗದ ಪುಸ್ತಕ ಪುಟ್ಟಮಾದಪ್ಪನೋರೆ. ಬರೆದೋರು ತೀರ್ಕೊಂಡು ಅರವತ್ತು ವರ್ಷ ದಾಟ್ತು ಅಂದ್ರೆ ಪುಸ್ತಕ ಊರಿಗೆಲ್ಲ ಸೇರಿದ್ದು. ಯಾರು ಬೇಕಾದ್ರೂ ಓದ್ಬಹುದು, ಅಚ್ಚು ಹಾಕ್ಬಹುದು, ಪುಕ್ಕಟೆ ಹಂಚ್ಬಹುದು. ಯಾರ ಅಪ್ಪಣೇನೂ ಬೇಡ.”

“ಅಪ್ಪಣೆ ಬ್ಯಾಡ ಸರಿ ಕಣವ್ವ. ಓದೋರು ಬೇಕಲ್ಲ?”

ಕೊನೆಗೆ ಪುಟ್ಟಮಾದಪ್ಪನವರೇ ಒಂದು ದಾರಿ ಹೇಳಿದರು. ಭಾನುವಾರ ಬೆಳಿಗ್ಗೆ ಇದೇ ಯಂತ್ರದ ಓದು ಇಟ್ಟುಕೊಳ್ಳಲಿ. ಐವತ್ತು ಜನ ಬಂದು, ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ, ಒಂದು ಗಂಟೆ ಕೂತರೆ ಕೋಣೆ ಹೀಗೇ ಇರುತ್ತದೆ. ಇಲ್ಲವಾದರೆ ಸೋಮವಾರ ಬೀರುಗಳೆಲ್ಲ ರದ್ದಿ ಲಾರಿಗೆ.

“ಐವತ್ತೇನು, ಐನೂರು ಜನ ಬರ್ತಾರೆ!” ಎಂದ ವರದರಾಜ. ತೆಂಗಿನಕಾಯಿ ಯಂತ್ರದ ದಿನವೂ ಅವನು ಇದೇ ದನಿಯಲ್ಲಿ ಮಾತಾಡಿದ್ದ.

ಯಾವ ಪುಸ್ತಕ ಓದಿಸುವುದು? ವರದರಾಜನಿಗೆ ಅನುಮಾನವೇ ಇರಲಿಲ್ಲ. “ತಾತನ್ದೇ!”

ಅವರ ತಾಯಿಯ ತಂದೆ ಗಾವಡಗೆರೆ ಅನಂತಪ್ಪ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಜೀವಮಾನದಲ್ಲಿ ಒಂದೇ ಒಂದು ಪತ್ತೇದಾರಿ ಕಾದಂಬರಿ ಬರೆದರು. ಹೆಸರು ‘ಪಾಯಸದಲ್ಲಿ ಪಾಷಾಣ’. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಐನೂರು ಪ್ರತಿಗಳಲ್ಲಿ ನಾನೂರಕ್ಕಿಂತ ಹೆಚ್ಚು ಮನೆಯ ಅಟ್ಟದ ಮೇಲೇ ಉಳಿದವು. ಅಜ್ಜಿ ಅವನ್ನು ಉಪ್ಪಿನಕಾಯಿ ಜಾಡಿಗಳ ಮುಚ್ಚಳದ ಮೇಲೆ ಭಾರಕ್ಕೆ ಇಡುತ್ತಿದ್ದರು. ಮಕ್ಕಳು ಎತ್ತರಕ್ಕೆ ಕೂರಬೇಕಾದಾಗ ಕೆಳಗೆ ಹಾಕಿಕೊಳ್ಳುತ್ತಿದ್ದರು. “ಆಮೇಲೆ ಓದ್ತೀನಿ” ಎಂದುಕೊಂಡೇ ಕಾಮಾಕ್ಷಮ್ಮನವರ ತಾಯಿ ತೀರಿಕೊಂಡರು.

ಕಾಮಾಕ್ಷಮ್ಮನವರದೂ ಒಂದು ಗುಟ್ಟಿತ್ತು. ಅವರೂ ಮೂರನೇ ಅಧ್ಯಾಯ ದಾಟಿರಲಿಲ್ಲ. ಅಲ್ಲಿ ತಾತ ಹನ್ನೆರಡು ಪುಟ ಒಂದು ಎತ್ತಿನಗಾಡಿಯ ಚಕ್ರವನ್ನು ವರ್ಣಿಸಿದ್ದರು. ಹತ್ತನೇ ವಯಸ್ಸಿನಲ್ಲಿ ಒಮ್ಮೆ, ಕಾಲೇಜಿನಲ್ಲಿ ಒಮ್ಮೆ, ನಿವೃತ್ತಿಯಾದ ಮೇಲೆ ಒಮ್ಮೆ, ಮೂರು ಸಲವೂ ಆ ಚಕ್ರ ಅವರನ್ನು ನಿದ್ದೆಗೆ ಹೊತ್ತೊಯ್ದಿತ್ತು. ಓದಿ, ಓದಿ ಎಂದು ಊರಿಗೆಲ್ಲ ಗೋಗರೆಯುವ ತಾನು ಸ್ವಂತ ತಾತನನ್ನೇ ಓದಲಿಲ್ಲವಲ್ಲ ಎಂದು ಅವರಿಗೆ ನಿಜವಾಗಿಯೂ ನಾಚಿಕೆಯಾಗುತ್ತಿತ್ತು.

ವರದರಾಜ ವಾಚನಾಲಯದ ಪ್ರತಿಯನ್ನು ತಿರುವಿ ನೋಡಿ ಕೂಗಿದ. “ಅಕ್ಕಾ, ಕೊನೇ ಹಾಳೆಗಳ ಅಂಚು ಇನ್ನೂ ಕತ್ತರಿಸೇ ಇಲ್ಲ! ಅಚ್ಚಾದಾಗ ಹೆಂಗೆ ಅಂಟ್ಕೊಂಡಿತ್ತೋ ಹಂಗೇ ಇದೆ. ಅಂದ್ರೆ ಇದನ್ನ ಇವತ್ತಿನವರೆಗೆ ಯಾರೂ ಕೊನೇವರೆಗೆ ಓದಿಲ್ಲ!”

“ನಿಧಾನವಾಗಿ ಬ್ಲೇಡಲ್ಲಿ ಬಿಡಿಸು,” ಎಂದರು ಕಾಮಾಕ್ಷಮ್ಮ, ಬೇರೆ ಕಡೆ ನೋಡುತ್ತಾ.

ಶುಕ್ರವಾರಕ್ಕೆ ಏರ್ಪಾಡು ಹೀಗಾಯಿತು. ವಾಚಸ್ಪತಿ ಮೊದಲ ಅಧ್ಯಾಯವನ್ನು ಓದಿ ಧ್ವನಿಮುದ್ರಿಸಿಕೊಂಡು, ಭಾನುವಾರದ ಹೊತ್ತು ಮತ್ತು ಜಾಗವನ್ನು ಸೇರಿಸಿ, ವಾಚನಾಲಯದ ಆರುನೂರು ಸದಸ್ಯರ ಫೋನಿಗೂ ತಾನೇ ಕಳಿಸಬೇಕು. ಅದನ್ನು ಕೇಳಿದವರು ಮುಂದಿನದಕ್ಕಾಗಿ ಓಡಿ ಬರುತ್ತಾರೆ.

ಶುಕ್ರವಾರ ಬೆಳಿಗ್ಗೆ ಕಾಮಾಕ್ಷಮ್ಮ ಎಂಟು ಗಂಟೆಗೇ ಬಂದರು. ಹೊಸ ಸ್ಕೂಟರು ಬಂದರೂ, ಹೊಸ ಮಿಕ್ಸಿ ಬಂದರೂ ಪೂಜೆಯಿಲ್ಲದೆ ಅವರ ಮನೆಯಲ್ಲಿ ಚಾಲೂ ಆಗಿದ್ದಿಲ್ಲ. ಇನ್ನು ತಾತನ ದನಿ ಬರುವ ಯಂತ್ರವನ್ನು ಬಿಡುತ್ತಾರೆಯೇ? ಹೂವಿಟ್ಟರು. ಊದಿನಕಡ್ಡಿ ಹಚ್ಚಿದರು. ಮುಂದೆ ಒಂದು ನಿಂಬೆಹಣ್ಣಿಟ್ಟರು. ಅರಿಶಿನ ಕುಂಕುಮ ಹಚ್ಚುವುದಕ್ಕೆ ಹಣೆ ಎಲ್ಲಿದೆಯೆಂದು ಹುಡುಕಿದರು. ಕನ್ನಡಕ ತಲೆಯ ಮೇಲಿತ್ತು, ಅದನ್ನು ಇಳಿಸಿಕೊಳ್ಳುವಷ್ಟು ಪುರುಸೊತ್ತಿರಲಿಲ್ಲ. ಎದುರಿಗೆ ನಡುಮಧ್ಯದಲ್ಲಿ ದುಂಡಗೆ, ನುಣ್ಣಗೆ, ಹಣೆಯಂತೆ ಕಂಡದ್ದು ಒಂದೇ ಜಾಗ. ಅಲ್ಲಿಗೆ ಧಾರಾಳವಾಗಿ ಅರಿಶಿನ ಬಳಿದು, ಮೇಲೊಂದು ಕುಂಕುಮದ ಬೊಟ್ಟಿಟ್ಟು ಕೈ ಮುಗಿದರು.

“ತಾತ, ಈ ಸಲವಾದ್ರೂ ಜನ ಕೇಳೋ ಹಾಗೆ ಮಾಡಪ್ಪ.”

ಹತ್ತು ಗಂಟೆಗೆ ವರದರಾಜ ಬಂದು, ನಿಂಬೆಹಣ್ಣನ್ನು ಕಂಡು, “ಇದೇನು ಲಾರಿನಾ ಅಕ್ಕ?” ಎಂದು ರೇಗಿ, ಹಿಂದುಗಡೆಯಿಂದಲೇ ಗುಂಡಿ ಒತ್ತಿದ. ಯಂತ್ರ ಪುಟ ತಿರುವತೊಡಗಿತು. ಅಕ್ಕ ತಮ್ಮ ಇಬ್ಬರೂ ನೆಮ್ಮದಿಯಾಗಿ ಕಾಫಿಗೆ ಹೋದರು.

ಶನಿವಾರ ಬೆಳಿಗ್ಗೆ ಹೂ ಮಾರುವ ಗೌರಕ್ಕ ಬಾಗಿಲಲ್ಲಿ ನಿಂತು ಎರಡು ಮೊಳ ಜಾಸ್ತಿಯೇ ಅಳೆದುಕೊಟ್ಟಳು.

“ನಮ್ಗೊಂದು ಮಾತು ಹೇಳ್ದಲೆ ಮದ್ವೆ ಗೊತ್ತು ಮಾಡ್ಬುಟ್ರಲ್ಲಾ ಅಮ್ಮ! ಹೋಗ್ಲಿ, ಗಂಡು ಜಮೀನ್ದಾರ್ರಂತೆ, ಒಳ್ಳೇದೇ ಆಯ್ತು. ಹೆಣ್ಣಿನ ಹೆಸ್ರೇ ವಸಿ ಹೊಸ್ದಾಗದೆ. ಈಗ್ನೋರು ಏನೇನೋ ಇಡ್ತಾರೆ ಬುಡಿ!”

ಕಾಮಾಕ್ಷಮ್ಮ ಗಲಿಬಿಲಿಗೊಂಡು ತಮ್ಮ ಫೋನು ತೆಗೆದರು. ಯಂತ್ರ ಕಳಿಸಿದ್ದ ಧ್ವನಿಮುದ್ರಿಕೆಯನ್ನು ಒತ್ತಿದರು. ಮೊದಲು ಒಂದು ಸಣ್ಣ ಉಸಿರು, ನಶ್ಯ ಏರಿಸಿದವರ ಹಾಗೆ. ಆಮೇಲೆ ಒಂದು ಗಡಸು ದನಿ.

ಅವರು ಹಾಗೇ ಮೆಟ್ಟಿಲ ಮೇಲೆ ಕೂತರು. ತಾತ ಹೋದಾಗ ಅವರಿಗೆ ಐದು ವರ್ಷ, ವರದ ತೊಟ್ಟಿಲಲ್ಲಿದ್ದ. ನೆನಪಿನಲ್ಲಿ ಉಳಿದದ್ದು ನಶ್ಯದ ಡಬ್ಬಿ ಮುಚ್ಚುವ ಸದ್ದು ಮತ್ತು “ಕಾಮೂ” ಎಂದು ಕರೆಯುತ್ತಿದ್ದ ಈ ದನಿ. ಇದೇ ದನಿ! ಅವರ ಕಣ್ಣು ತುಂಬಿಕೊಂಡಿತು. ತುಂಬಿದ ಕಣ್ಣಿನಲ್ಲೇ ಅವರು ಕೇಳಿದ್ದು ಇದು:

“ಶ್ರೀ ಗಣೇಶಾಯ ನಮಃ. ಗುರುಹಿರಿಯರ ಕೃಪಾಶೀರ್ವಾದದಿಂದ ಚಿರಂಜೀವಿ ಜಮೀನ್ದಾರ ಚೆಲುವರಾಯನ ವಿವಾಹವನ್ನು ಚಿರಂಜೀವಿ ಸೌಭಾಗ್ಯವತಿ ಪಾಷಾಣಳೊಂದಿಗೆ ಇದೇ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಸಲ್ಲುವ ಶುಭಲಗ್ನದಲ್ಲಿ ಹಳೇ ಸಂತೆಬೀದಿಯ ವಾಚನಾಲಯದಲ್ಲಿ ನೆರವೇರಿಸಲು ನಿಶ್ಚಯಿಸಲಾಗಿದೆ. ವಧುವು ಬೆಳ್ಳಿಯ ಬಟ್ಟಲಿನಲ್ಲಿ ಆಗಮಿಸುವಳು. ವರನು ಮೂರನೆಯ ಗುಟುಕಿಗೆ ನೆಲಕ್ಕೊರಗುವನು. ತಾವು ಸಕುಟುಂಬ ಸಪರಿವಾರ ಸಮೇತರಾಗಿ ಬಂದು ಈ ಶುಭಕಾರ್ಯವನ್ನು ಚೆಂದಗಾಣಿಸಿಕೊಡಬೇಕಾಗಿ ಕೋರುವವರು: ಪತ್ತೇದಾರ ಶಾಮರಾಯ, ಪೊಲೀಸು ದಫೇದಾರ ಮತ್ತು ಬಂಧುವರ್ಗ. ಆಶೀರ್ವಾದವೇ ಉಡುಗೊರೆ.”

ಕಾಮಾಕ್ಷಮ್ಮ ಸೆರಗು ಸಿಕ್ಕಿಸಿಕೊಂಡು ವಾಚನಾಲಯಕ್ಕೆ ಓಡಿದರು. ವರದರಾಜ ಆಗಲೇ ಬಂದು ಯಂತ್ರದ ಮುಂದೆ ಮೊಣಕಾಲೂರಿ ಕೂತಿದ್ದ.

“ಯಾರು ಇದರ ಕಣ್ಣಿಗೆ ಅರಿಶಿನ ಕುಂಕುಮ ಬಳಿದಿದ್ದು?”

“ಕಣ್ಣಾ? ನಾನು ಹಣೆ ಅಂದ್ಕೊಂಡೆ.”

“ಕ್ಯಾಮರಾ ಅಕ್ಕ ಅದು, ಕ್ಯಾಮರಾ! ಪ್ರೆಸ್ಸಿನ ಮಿದುಳು ಇದು. ಇಪ್ಪತ್ತು ವರ್ಷದಲ್ಲಿ ಅರಿಶಿನ ಕುಂಕುಮ ಹಚ್ಚಿದ ಕಾಗದ ಅಂದ್ರೆ ಏನು ಅಂತ ಅದಕ್ಕೆ ಗೊತ್ತಿರೋದು? ಲಗ್ನಪತ್ರಿಕೆ! ಈಗ ಅದಕ್ಕೆ ಯಾವ ಪುಟ ನೋಡಿದ್ರೂ ಲಗ್ನಪತ್ರಿಕೆನೇ!”

“ಅಂಥ ಮಿದುಳು ತಂದೋನು ನೀನು!”

“ಅದಕ್ಕೆ ಬೊಟ್ಟಿಟ್ಟೋಳು ನೀನು!”

ಇದೇ ಮಾತನ್ನು ಇಬ್ಬರೂ ನಾಲ್ಕಾರು ಸಲ ಹಿಂದುಮುಂದಾಗಿ ಆಡಿದರು. ಆಮೇಲೆ ಕಾಮಾಕ್ಷಮ್ಮ ಸೆರಗಿನ ಚುಂಗಿನಿಂದ ಗಾಜು ಒರೆಸಿದರು. ಕುಂಕುಮ ಅರಿಶಿನದ ಜೊತೆ ಕಲೆಸಿಕೊಂಡು ಗಾಜಿನ ತುಂಬ ಹರಡಿತು. ಯಂತ್ರಕ್ಕೆ ಇದರಿಂದ ಇನ್ನಷ್ಟು ಉತ್ಸಾಹ ಬಂತು. ಕೈ ಚಾಚಿ ಪಕ್ಕದಲ್ಲಿದ್ದ ಪಶುವೈದ್ಯದ ಪುಸ್ತಕವನ್ನು ಎಳೆದುಕೊಂಡು, ಗರ್ಭ ಧರಿಸಿದ ಹಸುಗಳ ಆರೈಕೆ ಎಂಬ ಅಧ್ಯಾಯ ತೆರೆಯಿತು. ಎರಡೇ ನಿಮಿಷದಲ್ಲಿ ಕಾಮಾಕ್ಷಮ್ಮನವರ ಫೋನು ಟಿಣ್ ಎಂದಿತು. ಕಪಿಲೆ ಎಂಬ ಹಸುವಿನ ಸೀಮಂತಕ್ಕೆ ಎಲ್ಲ ಸದಸ್ಯರ ಜೊತೆ ಅವರನ್ನೂ ಆದರದಿಂದ ಕರೆಯಲಾಗಿತ್ತು.

“ಕರೆಂಟು ತೆಗಿಯೋ!”

ವರದರಾಜ ವೈರು ಕಿತ್ತ. ಯಂತ್ರ ನಿಲ್ಲಲಿಲ್ಲ. “ಕರೆಂಟ್ ಹೋದ್ರೂ ಓದು ನಿಲ್ಲಬಾರದು ಅಂತ ನಾನೇ ಒಳಗಡೆ ಬ್ಯಾಟರಿ ಇಟ್ಟಿದೀನಿ,” ಎಂದು ಮೆಲ್ಲಗೆ ಹೇಳಿದ.

ಕಾಮಾಕ್ಷಮ್ಮ ಶಿಕ್ಷಕಿಯಾಗಿದ್ದವರು. ತಪ್ಪಾದರೆ ತಿದ್ದೋಲೆ ಕಳಿಸಬೇಕು ಎಂದುಕೊಂಡರು. ಯಂತ್ರ ಕಣ್ಣಿಗೆ ತೋರಿಸಿದ ಕಾಗದವನ್ನು ಮಾತ್ರ ಓದುತ್ತಿತ್ತು. ಹಾಗಾಗಿ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ‘ಭಾನುವಾರ ಮದುವೆ ಇಲ್ಲ. ದಯವಿಟ್ಟು ಕ್ಷಮಿಸಿ’ ಎಂದು ಬರೆದು ಅದರ ಮುಂದೆ ಹಿಡಿದರು. ಯಂತ್ರ ಕೆಂಪಾದ ಕಣ್ಣಿನಿಂದ ಅದನ್ನು ಬಹಳ ಹೊತ್ತು ನೋಡಿತು. ತಾತನ ದನಿಯಲ್ಲಿ ಆರುನೂರು ಜನಕ್ಕೂ ಹೋದ ತಿದ್ದೋಲೆ ಹೀಗಿತ್ತು:

“ಭಾನುವಾರ ಮದುವೆಗೆ ಬರಲಾಗದವರು ದಯವಿಟ್ಟು ಅದೇ ಸಂಜೆಯ ಆರತಕ್ಷತೆಗಾದರೂ ಬರತಕ್ಕದ್ದು.”

“ಇನ್ನು ಏನೂ ಬರೀಬೇಡ ಅಕ್ಕ, ಕೈ ಮುಗೀತೀನಿ!” ಎಂದ ವರದರಾಜ. ಸ್ಕ್ರೂಡ್ರೈವರಿಗಾಗಿ ಜೇಬು ತಡಕುತ್ತಿದ್ದಾಗಲೇ ಯಂತ್ರ ಫೋನು ಹಚ್ಚಿತು. ಪ್ರೆಸ್ಸಿನವರು ಗಿರಾಕಿಗಳ ಅನುಕೂಲಕ್ಕೆಂದು ಅದರಲ್ಲಿ ಅಡುಗೆಯವರ, ವಾಲಗದವರ ನಂಬರುಗಳನ್ನೂ ತುಂಬಿಟ್ಟಿದ್ದರು. ಮೊದಲು ವಾಲಗದವರನ್ನು ಗೊತ್ತು ಮಾಡಿತು. ಆಮೇಲೆ ಅಡುಗೆಯವರಿಗೆ, “ಶೇಷಣ್ಣನವರೇ,” ಎಂದಿತು ತಾತನ ದನಿ ಬಹಳ ಗೌರವದಿಂದ, “ಭಾನುವಾರ ಮುನ್ನೂರು ಎಲೆ. ಪಾಯಸ ಮುಖ್ಯ.” ಅಷ್ಟು ಹೇಳುವಷ್ಟರಲ್ಲಿ ಬ್ಯಾಟರಿ ಹೊರಗೆ ಬಂತು.

ತಿರುಗಿ ಫೋನು ಮಾಡಿ ಬೇಡವೆನ್ನೋಣವೆಂದರೆ ನಂಬರುಗಳೆಲ್ಲ ಯಂತ್ರದ ಹೊಟ್ಟೆಯಲ್ಲೇ ಉಳಿದವು. ಕಾಮಾಕ್ಷಮ್ಮ ಬೀರುಗಳ ಸಾಲನ್ನು ನೋಡುತ್ತಾ ಕೂತರು. ನಾಳೆ ಜನ ಬಂದು, ಮದುವೆಯಿಲ್ಲವೆಂದು ತಿಳಿದು, ಬೈದು ಹೊರಟುಹೋಗುತ್ತಾರೆ. ನಾಡಿದ್ದು ರದ್ದಿ ಲಾರಿ ಬರುತ್ತದೆ. ಅಚ್ಚಮ್ಮನೂ ತಾತನೂ ಒಟ್ಟಿಗೆ ಹೋಗುತ್ತಾರೆ. ಅದಕ್ಕೆ ಕಾರಣ ತಾನಿಟ್ಟ ಒಂದು ಬೊಟ್ಟು.

“ಬೇಜಾರ್ ಮಾಡ್ಕೋಬೇಡ ಅಕ್ಕ,” ಎಂದ ವರದರಾಜ. ಬಯ್ಯುವುದನ್ನು ಬಿಟ್ಟು ಅವನು ಹೀಗೆ ಮಾತಾಡಿದ್ದೇ ಅವರಿಗೆ ಹೆಚ್ಚು ಭಯ ಹುಟ್ಟಿಸಿತು. ಎದ್ದು ಮನೆಗೆ ಹೋಗಿ ಒಂದು ಹಿಡಿ ಬೂದಿ ತಂದು, ಹಿಂದೆ ಲಾಟೀನಿನ ಗಾಜು ಉಜ್ಜುತ್ತಿದ್ದ ಹಾಗೆ ವಾಚಸ್ಪತಿಯ ಕಣ್ಣನ್ನು ಉಜ್ಜಿ ಉಜ್ಜಿ ಫಳಫಳ ಮಾಡಿದರು. ಬಂದವರು ಬರಲಿ, ಓದಂತೂ ನಡೆಯಲೇಬೇಕು.

ಭಾನುವಾರ ಒಂಬತ್ತೂವರೆಗೆ ವಾಲಗದವರು ಬಂದು ಜಗುಲಿ ಹಿಡಿದರು. ಹತ್ತಕ್ಕೆ ರೇಷ್ಮೆ ಸೀರೆಗಳು ಬಂದವು. ಹತ್ತೂಕಾಲಿಗೆ ಸಂತೆಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಪಿಲೆಯ ಸೀಮಂತಕ್ಕೆಂದು ಒಬ್ಬ ರೈತ ಹಸಿರು ಹುಲ್ಲಿನ ಹೊರೆಯನ್ನೇ ಹೊತ್ತು ತಂದಿದ್ದ. ಹಿತ್ತಲಿನಲ್ಲಿ ಅಡುಗೆ ಶೇಷಣ್ಣ ಒಲೆ ಹೂಡಿ ಕೊಪ್ಪರಿಗೆ ಏರಿಸಿದ್ದರು. ಪುಟ್ಟಮಾದಪ್ಪನವರೂ ಜರಿ ಶಲ್ಯ ಹೊದ್ದು, ಹೆಂಡತಿಯನ್ನು ಕರೆದುಕೊಂಡು, ಕೈಯಲ್ಲೊಂದು ಗೋಡೆ ಗಡಿಯಾರ ಹಿಡಿದು ಬಂದಿದ್ದರು.

“ನಿಮ್ ಓದು ಬ್ಯಾರೆ ದಿನಕ್ಕೆ ಮುಂದಕ್ಕಾಕುದ್ರಾ?” ಎಂದು ಕಾಮಾಕ್ಷಮ್ಮನವರನ್ನು ಕಿವಿಯಲ್ಲಿ ಕೇಳಿದರು.

ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಂತಿದ್ದವನು ವರದರಾಜ. ಅದರ ಪಕ್ಕದಲ್ಲಿ ಕಲ್ಲುಸಕ್ಕರೆಯ ತಟ್ಟೆ, ತಟ್ಟೆಯ ಪಕ್ಕದಲ್ಲಿ ತೆರೆದಿಟ್ಟ ಹಾಜರಿ ಪುಸ್ತಕ. ಮದುವೆಮನೆ ಬಾಗಿಲಲ್ಲಿ ಪುಸ್ತಕ ಕಂಡರೆ ಹೆಸರು ಬರೆಯಬೇಕು ಎಂಬುದು ಎಲ್ಲರಿಗೂ ರೂಢಿ. ಪುಟ್ಟಮಾದಪ್ಪನವರೂ ಬರೆದರು.

ಹತ್ತೂವರೆಗೆ ಕಾಮಾಕ್ಷಮ್ಮ ಎದ್ದು ನಿಂತರು. “ಎಲ್ಲರೂ ನನ್ನನ್ನ ಕ್ಷಮಿಸ್ಬೇಕು. ಇಲ್ಲಿ ಮದುವೆ ಇಲ್ಲ. ಚೆಲುವರಾಯ ಅನ್ನೋದು ನಮ್ಮ ತಾತ ಬರೆದ ಕಾದಂಬರೀಲಿ ಸಾಯೋ ಜಮೀನ್ದಾರ. ಪಾಷಾಣ ಅನ್ನೋದು ಪಾಷಾಣನೇ. ತಪ್ಪು ನಂದು.” ಎಲ್ಲವನ್ನೂ ಹೇಳಿದರು, ಬೊಟ್ಟಿನ ವಿಷಯವನ್ನೂ ಬಿಡಲಿಲ್ಲ. “ನಮ್ಮ ತಾತನ್ನ ಇವತ್ತಿನವರೆಗೆ ಯಾರೂ ಪೂರ್ತಿ ಓದಿಲ್ಲ. ನಾನೂ ಓದಿಲ್ಲ. ಆಗೋರು ಒಂದು ಗಂಟೆ ಕೂತು ಕೇಳಿ. ಆಗದೋರಿಗೆ ನನ್ನ ಬಲವಂತ ಇಲ್ಲ.”

ಗುಸುಗುಸು ಎದ್ದಿತು. ಮುಂದಿನ ಸಾಲಿನ ಇಬ್ಬರು ಸೆರಗು ಸರಿಮಾಡಿಕೊಂಡು ಎದ್ದರು. ಹಿಂದೆ ಕುರ್ಚಿಗಳು ಕಿರುಗುಟ್ಟಿದವು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಶೇಷಣ್ಣನ ಮುಖ ಕಾಣಿಸಿತು.

“ಊಟಕ್ಕೆ ಇನ್ನೂ ಮೂರು ಗಂಟೆ ಆಗತ್ತೆ. ಯಾರೂ ಗಡಿಬಿಡಿ ಮಾಡ್ಬೇಡಿ.”

ಎದ್ದವರೆಲ್ಲ ಕೂತರು. ಮದುವೆ ಇರಲಿ, ಇಲ್ಲದಿರಲಿ, ಒಲೆ ಹತ್ತಿದ ಮನೆಯಿಂದ ಉಣ್ಣದೆ ಎದ್ದುಹೋಗುವುದು ಆ ಊರಿನಲ್ಲಿ ಇದುವರೆಗೆ ಯಾರೂ ಮಾಡಿದ ಕೆಲಸವಲ್ಲ.

ವಾಚಸ್ಪತಿ ಬೆರಳು ಒದ್ದೆ ಮಾಡಿಕೊಂಡಿತು. ನಶ್ಯದ ಉಸಿರೊಂದು ಕೇಳಿಸಿತು. “ಅಧ್ಯಾಯ ಒಂದು. ಜಮೀನ್ದಾರ ಚೆಲುವರಾಯನು ಪಾಯಸದ ಬಟ್ಟಲನ್ನು ಬಾಯಿಗಿಟ್ಟನು.” ಒಂದು, ಎರಡು, ಮೂರನೇ ಗುಟುಕು. ಚೆಲುವರಾಯ ಒರಗಿದ. ಮಕ್ಕಳು ಬಾಯಿಗೆ ಕೈ ಇಟ್ಟುಕೊಂಡವು. ಎರಡನೇ ಅಧ್ಯಾಯದಲ್ಲಿ ಪತ್ತೇದಾರ ಶಾಮರಾಯ ಬಂದ, ಅವನು ಎರಡು ಪುಟಕ್ಕೊಮ್ಮೆ ಕೊಡೆ ಕಳೆದುಕೊಳ್ಳುತ್ತಿದ್ದ. ಜನ ನಕ್ಕರು. ತಾತನ ಬರಹಕ್ಕೆ ಜನ ನಗುವುದನ್ನು ಕಾಮಾಕ್ಷಮ್ಮ ಮೊದಲ ಸಲ ಕೇಳಿದರು.

ಮೂರನೇ ಅಧ್ಯಾಯ ಬಂತು, ಎತ್ತಿನಗಾಡಿಯ ಚಕ್ರ ಬಂತು. ಕಾಮಾಕ್ಷಮ್ಮ ನಿದ್ದೆ ಬಾರದಿರಲೆಂದು ಕೈ ಚಿವುಟಿಕೊಂಡರು. ಒಂದು ಪುಟವಾಯಿತು. ಮೂರು ಪುಟವಾಯಿತು. ವರದರಾಜ ನಿಂತಲ್ಲೇ ತೂಗಾಡುತ್ತಿದ್ದ. ಆದರೆ ಎದುರುಗಡೆ ಬೆಂಚಿನಲ್ಲಿ ಕೂತಿದ್ದ ಮುದುಕ ಬಡಗಿಯೊಬ್ಬರು ನೆಟ್ಟಗಾದರು. “ಅದೇ ಮತ್ತೆ! ಕಡಾಣಿ ಹಂಗೇ ಇರ್ಬೇಕು!” ಎಂದರು. ಇನ್ನೊಂದು ಪುಟಕ್ಕೆ, “ಅಯ್ಯೋ, ಈ ಗಾಡಿಗೆ ಕಡಾಣಿ ಹಿಂದುಮುಂದಾಗದೆ ಕಣ್ರಪ್ಪ! ಗಾಡಿ ಬಿಚ್ಚಿ ಜೋಡ್ಸವ್ರೆ!” ಎಂದು ಕೂಗಿದರು. ಎಲ್ಲರೂ ಮುಂದಕ್ಕೆ ಬಾಗಿದರು. ಪಾಷಾಣ ಮನೆಗೆ ಬಂದದ್ದು ಆ ಚಕ್ರದೊಳಗೆ ಅಡಗಿ. ಚಕ್ರ ಕಳಚದಂತೆ ಸಿಕ್ಕಿಸುವ ಆ ಸಣ್ಣ ಕಬ್ಬಿಣದ ಮೊಳೆಯಲ್ಲಿ ಇಡೀ ಕೊಲೆಯ ಸುಳಿವಿತ್ತು! ಕಾಮಾಕ್ಷಮ್ಮ ಮೂರು ಸಲ ನಿದ್ದೆ ಮಾಡಿದ್ದು ಸರಿಯಾಗಿ ಅದರ ತಲೆಯ ಮೇಲೆ.

ಆಮೇಲೆ ಯಾರೂ ಅಲುಗಾಡಲಿಲ್ಲ. ಹಿತ್ತಲಿನಿಂದ ಏಲಕ್ಕಿಯ ಘಮ ಬರುತ್ತಿತ್ತು. ಒಂದು ಗಂಟೆ ಯಾವಾಗ ಕಳೆಯಿತೋ ಪುಟ್ಟಮಾದಪ್ಪನವರೇ ಮರೆತಿದ್ದರು, ಮಡಿಲಲ್ಲಿ ಗೋಡೆ ಗಡಿಯಾರವಿದ್ದರೂ. ಒಂದೂವರೆಗೆ ಕೊನೆಯ ಅಧ್ಯಾಯ. ಶೇಷಣ್ಣ ಪಾಯಸದ ಬಕೆಟ್ಟು ಹಿಡಿದು ಬಾಗಿಲಿಗೆ ಬರುವುದಕ್ಕೂ, ಹಾರ್ನಿನೊಳಗಿಂದ ಶಾಮರಾಯ ಕೊಡೆ ಎತ್ತಿ ತೋರಿಸುವುದಕ್ಕೂ ಸರಿಹೋಯಿತು.

“ಕೊಲೆಗಾರನು ಬೇರೆ ಯಾರೂ ಅಲ್ಲ. ಪಾಯಸವನ್ನು ತಂದ ಅಡುಗೆಯವನೇ!”

ಮುನ್ನೂರು ತಲೆಗಳು ಒಟ್ಟಿಗೆ ಶೇಷಣ್ಣನ ಕಡೆ ತಿರುಗಿದವು.

“ಸಮಾಪ್ತಿ,” ಎಂದಿತು ದನಿ. ಆದರೆ ಯಂತ್ರದ ಕೈ ನಿಲ್ಲಲಿಲ್ಲ. ಬ್ಲೇಡಿನಿಂದ ಬಿಡಿಸಿದ ಕೊನೆಯ ಹಾಳೆಯನ್ನು ತಿರುಗಿಸಿತು. ತಾತ ಹೇಳಿದರು:

“ಇಲ್ಲಿಯವರೆಗೆ ಬಂದ ಮಹನೀಯರೇ, ತಾವು ಯಾರೋ ನನಗೆ ತಿಳಿಯದು. ಇಷ್ಟು ದೂರ ನನ್ನ ಜೊತೆ ಬಂದಿರಿ. ಸಕುಟುಂಬ ಸಮೇತರಾಗಿ ನಮ್ಮಲ್ಲಿಗೆ ದಯಮಾಡಿಸಿ, ಊಟ ಮಾಡಿಕೊಂಡು ಹೋಗಬೇಕು.”

“ಮತ್ತೆ ಶುರುವಾಯ್ತು!” ಎಂದು ವರದರಾಜ ತಲೆ ಚಚ್ಚಿಕೊಂಡ. “ಗಾಜು ಸರಿಯಾಗಿ ಉಜ್ಜಲಿಲ್ವಾ ಅಕ್ಕ?”

ಕಾಮಾಕ್ಷಮ್ಮ ಹೋಗಿ ಗಾಜು ನೋಡಿದರು. ಫಳಫಳ ಹೊಳೆಯುತ್ತಿತ್ತು. ಕನ್ನಡಕವನ್ನು ತಲೆಯಿಂದ ಇಳಿಸಿ ಪುಟ ನೋಡಿದರು. ಸಮಾಪ್ತಿಯ ಮುಂದಿನ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಅದೇ ಮಾತುಗಳು ಅಚ್ಚಾಗಿದ್ದವು. ಯಂತ್ರ ಒಂದಕ್ಷರವನ್ನೂ ಸೇರಿಸಿರಲಿಲ್ಲ. ತಾತ ಕರೆದಿದ್ದರು. ಇಷ್ಟು ವರ್ಷ ಆ ಕರೆಯ ಮೇಲೆ ಉಪ್ಪಿನಕಾಯಿ ಜಾಡಿಗಳ ಪಕ್ಕದಲ್ಲಿ ಧೂಳು ಕೂತಿತ್ತು.

ಅವರಿಗೆ ಅಳು ತಡೆಯಲಾಗಲಿಲ್ಲ, ತಡೆಯುವುದಕ್ಕೂ ಹೋಗಲಿಲ್ಲ. “ತಾತ ಕರೆದಿದ್ದು ನಿಜ,” ಎಂದರು ಎಲ್ಲರಿಗೂ. “ಎಲ್ಲರೂ ಊಟಕ್ಕೆ ಏಳಿ.”

ಎಲ್ಲರೂ ಎದ್ದರು, ಎಲೆಗಳ ಮುಂದೆ ಕೂತರು, ಹುಳಿ ಉಂಡರು, ಕೋಸಂಬರಿ ಉಂಡರು. ಪಾಯಸವನ್ನು ಮಾತ್ರ ಒಬ್ಬರೂ ಮುಟ್ಟಲಿಲ್ಲ. ಶೇಷಣ್ಣ ಬಡಿಸಿಕೊಂಡು ಹೋದ ಹಾಗೆಲ್ಲ ಜನ ಅವರ ಕೈಯನ್ನೇ ನೋಡುತ್ತಿದ್ದರು. ಕೊನೆಗೆ ಕಾಮಾಕ್ಷಮ್ಮ ಪಂಕ್ತಿಯ ನಡುವೆ ನಿಂತು ಒಂದು ಲೋಟ ಪಾಯಸ ಎತ್ತಿಕೊಂಡರು. ಒಂದು ಗುಟುಕು. ಎರಡು. ಮೂರನೆಯದಕ್ಕೆ ಇಡೀ ಪಂಕ್ತಿ ಉಸಿರು ಬಿಗಿಹಿಡಿಯಿತು. ಕಾಮಾಕ್ಷಮ್ಮ ಒರಗಲಿಲ್ಲ. “ಇನ್ನೊಂದು ಸೌಟು ಹಾಕಿ ಶೇಷಣ್ಣ,” ಎಂದರು. ಆಮೇಲೆ ಬಕೆಟ್ಟು ಎರಡು ಸಲ ಖಾಲಿಯಾಯಿತು.

ಪುಟ್ಟಮಾದಪ್ಪ ಕೈ ತೊಳೆದುಕೊಂಡು ಬಂದು ಹಾಜರಿ ಪುಸ್ತಕ ತಿರುವಿ ನೋಡಿದರು. ಮುನ್ನೂರ ಹನ್ನೆರಡು ಸಹಿ. ತಂದಿದ್ದ ಗಡಿಯಾರವನ್ನು ತಾವೇ ಹಳೇ ಪುಸ್ತಕಗಳ ಕೋಣೆಯ ಗೋಡೆಗೆ ತಗುಲಿಸಿ, “ಕೇರಂ ಬೋಲ್ಡು ಜಗುಲಿ ಮ್ಯಾಲೆ ಹಾಕ್ಸಾನ ಬುಡಿ,” ಎಂದರು. ಬಾಗಿಲಿಗೆ ಹೋದವರು ತಿರುಗಿ ಬಂದು, ಆ ಉಪ್ಪಿನಕಾಯಿ ಕಳಕೊಂಡ ಅಜ್ಜಿ ಕಾಶಿ ಸೇರಿದಳೋ ಇಲ್ಲವೋ, ಮುಂದಿನ ವಾರ ಅದನ್ನೇ ಓದಿಸಿ ಎಂದೂ ಹೇಳಿದರು.

ಸಂಜೆ ಆರತಕ್ಷತೆಗೆಂದು ಇನ್ನೂ ನಲವತ್ತು ಜನ ಬಂದಾಗ ಶೇಷಣ್ಣ ಕೊಪ್ಪರಿಗೆ ತೊಳೆಯುತ್ತಿದ್ದರು. ಕಾಮಾಕ್ಷಮ್ಮ ಅವರ ಹತ್ತಿರ ಹೋಗಿ, ಊಟದ ಲೆಕ್ಕವನ್ನು ಪಿಂಚಣಿ ಬಂದ ಕೂಡಲೇ ತೀರಿಸುತ್ತೇನೆಂದು ಕೈ ಮುಗಿದು ನಿಂತರು. ಶೇಷಣ್ಣ ಸೌಟನ್ನು ಒದರಿ ಪಕ್ಕಕ್ಕಿಟ್ಟರು.

“ಕಥೆ ಚೆನ್ನಾಗಿತ್ತಮ್ಮ, ಇಲ್ಲ ಅನ್ನಲ್ಲ. ಆದ್ರೆ ಮುಂದಿನ ವಾರ ಓದಿಸೋ ಪುಸ್ತಕದಲ್ಲಿ ಯಾರಾದ್ರೂ ಸಾಯೋದಿದ್ರೆ ಮೊದ್ಲೇ ಹೇಳ್ಬಿಡಿ. ನಾನು ಬರೀ ಮೊಸರನ್ನ ಮಾಡ್ತೀನಿ.”